ಮನೆಯೊಳಗಿನ ಆರ್ಕಿಡ್‌ಗೆ ಹಿಟ್ಟು ತಿಗಣೆ, ನುಸಿ: ಒಂದು ಸಲ ಹೊಡೆದರೆ ಸಾಲದು

ದಾವಣಗೆರೆ ಕಡೆ ಮನೆಯೊಳಗೆ ಇಡುವ ಆರ್ಕಿಡ್ ಎಂದರೆ ಹೆಚ್ಚಾಗಿ ಫೆಲನಾಪ್ಸಿಸ್, ಇಲ್ಲವೇ ಡೆಂಡ್ರೋಬಿಯಂ. ಎರಡಕ್ಕೂ ಹೆಚ್ಚು ಕಾಟ ಕೊಡುವುದು ಹಿಟ್ಟು ತಿಗಣೆ (ಮೀಲಿಬಗ್). ಎಲೆ ಮೇಲಿನ ಬಿಳಿ ಹತ್ತಿಯಂಥ ಮುದ್ದೆಯನ್ನು ಒರೆಸಿ ಸುಮ್ಮನಾದರೆ ಮತ್ತೆ ಬರುತ್ತದೆ, ಏಕೆಂದರೆ ಅದರ ಸಂಸಾರ ಇರುವುದು ಬೇರೆಡೆ: ಎಲೆಯ ಬುಡದ ಸಂದು, ಹೂವಿನ ಹಿಂಬದಿ, ಕುಂಡದ ಅಂಚಿನ ಅಡಿ, ಬೇರಿನ ನಡುವೆ. ಡೆಂಡ್ರೋಬಿಯಂ ಕಾಂಡಕ್ಕೆ ಅಂಟಿರುವ ಒಣ ಸಿಪ್ಪೆಯನ್ನು ಉಗುರಿನಿಂದ ಸೀಳಿ ನೋಡಿ. ಕಾಟ ಜೋರಾಗಿದ್ದರೆ ಸಣ್ಣ ಮರಿಗಳು ಅಲ್ಲೇ ಒತ್ತೊತ್ತಾಗಿ ಕೂತಿರುತ್ತವೆ.

ಕುಂಡಕ್ಕೆ ಇರುವೆ ಸಾಲು ಹತ್ತಿದ್ದರೆ ಅನುಮಾನ ಪಡಿ. ತಿಗಣೆ ಸುರಿಸುವ ಸಿಹಿ ಅಂಟಿಗೆ ಅವು ಬರುತ್ತವೆ. ಆದರೆ ಫೆಲನಾಪ್ಸಿಸ್‌ನ ಹೂದಂಟಿನಲ್ಲಿ ತಿಳಿ ಹನಿಗಳಷ್ಟೇ ಇದ್ದು ಹುಳ ಕಾಣದಿದ್ದರೆ ಅದು ಗಿಡದ್ದೇ ರಸ, ಗಾಬರಿ ಬೇಡ.

ಮೆಡಿಕಲ್ ಶಾಪ್‌ನಲ್ಲಿ 70% ಐಸೊಪ್ರೊಪೈಲ್ ಆಲ್ಕೋಹಾಲ್ ಸಿಗುತ್ತದೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಅದರಲ್ಲಿ ಅದ್ದಿ ಒಂದೊಂದೇ ಹುಳಕ್ಕೆ ಮುಟ್ಟಿಸಿ. ಮೇಣದ ಹೊದಿಕೆ ಕರಗಿ ಹುಳ ಒಣಗುತ್ತದೆ. ಬೇರಿಗೆ ಸುರಿಯಬೇಡಿ, ದೇವರ ದೀಪದ ಹತ್ತಿರವಂತೂ ಬೇಡವೇ ಬೇಡ. ಸ್ಯಾನಿಟೈಸರ್ ಜೆಲ್ ಇದಕ್ಕೆ ಆಗಿಬರುವುದಿಲ್ಲ.

ಆಮೇಲೆ ಸಿಂಪಡಣೆ. 1 ಲೀಟರ್ ಉಗುರುಬೆಚ್ಚಗಿನ ನೀರಿಗೆ ಮೊದಲು 2 ಮಿ.ಲೀ. ಲಿಕ್ವಿಡ್ ಸೋಪು ಕಲಸಿ, ನಂತರ 5 ಮಿ.ಲೀ. ಬೇವಿನ ಎಣ್ಣೆ. ಮೊದಲೇ ಎಣ್ಣೆ ಹಾಕಿದರೆ ಮೇಲೆ ತೇಲಿ, ಒಂದು ಎಲೆಗೆ ಬರೀ ನೀರು, ಇನ್ನೊಂದಕ್ಕೆ ಬರೀ ಎಣ್ಣೆ ಬೀಳುತ್ತದೆ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಸೋಪು ಮೊಸರೊಡೆದಂತಾಗಿ ಕೆಲಸ ಮಾಡುವುದಿಲ್ಲ. ಮಳೆನೀರು ಅಥವಾ ಫಿಲ್ಟರ್‌ನ ಆರ್‌ಒ ನೀರು ಬಳಸಿ. ಮೊದಲು ಒಂದೇ ಎಲೆಗೆ ಹೊಡೆದು ಒಂದು ದಿನ ಕಾಯಿರಿ. ಸಂಜೆ ಹೊತ್ತು ಹೊಡೆಯಿರಿ, ಹೂವಿಗೆ ಬೇಡ. ಫೆಲನಾಪ್ಸಿಸ್‌ನ ಸುಳಿಯಲ್ಲಿ ನಿಂತ ನೀರನ್ನು ಟಿಶ್ಯೂ ಪೇಪರ್‌ನಿಂದ ಹೀರಿಸಿ, ಇಲ್ಲದಿದ್ದರೆ ಹುಳ ಸತ್ತರೂ ಸುಳಿ ಕೊಳೆತು ಗಿಡವೇ ಹೋಗುತ್ತದೆ.

ಹತ್ತಿ ಮುದ್ದೆಯೊಳಗಿನ ಮೊಟ್ಟೆಗಳಿಗೆ ಇದ್ಯಾವುದೂ ಸರಿಯಾಗಿ ತಾಗುವುದಿಲ್ಲ. ಅವು ಒಡೆದು ಮರಿ ಹೊರಬಂದಾಗ ಹಿಡಿಯಬೇಕು. ಹಾಗಾಗಿ 7 ದಿನಕ್ಕೊಮ್ಮೆ, ಕನಿಷ್ಠ 4 ಸಲ. ಎರಡನೇ ವಾರ ಹುಳ ಕಾಣಲಿಲ್ಲವೆಂದು ಬಿಟ್ಟವರಿಗೇ ಮರುತಿಂಗಳು ಮತ್ತೆ ಕಾಟ. ಬೇರಿಗೂ ಇಳಿದಿದ್ದರೆ ಕುಂಡದಲ್ಲಿ ತುಂಬಿರುವ ಹಳೆಯ ತೊಗಟೆ, ಇದ್ದಿಲು ಎಲ್ಲ ಎಸೆದು, ಬೇರನ್ನು ನಲ್ಲಿ ಕೆಳಗೆ ತೊಳೆದು, ಕೊಳೆತದ್ದನ್ನು ಕತ್ತರಿಸಿ, ಹೊಸ ತೊಗಟೆಯಲ್ಲಿ ಕೂರಿಸಿ.

ಇನ್ನೊಂದು ಕಾಟ ಶಲ್ಕ ಕೀಟ (ಸ್ಕೇಲ್), ಕಂದು ಚಿಪ್ಪಿನಂತೆ ಅಂಟಿರುತ್ತದೆ. ಸತ್ತ ಮೇಲೂ ಉದುರುವುದಿಲ್ಲವಾದ್ದರಿಂದ ಬದುಕಿದ್ದು ಯಾವುದು, ಸತ್ತದ್ದು ಯಾವುದು ತಿಳಿಯದು. ಹಳೆಯ ಮೆತ್ತನೆಯ ಟೂತ್‌ಬ್ರಷ್‌ಗೆ ಅದೇ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಎಲ್ಲವನ್ನೂ ಉಜ್ಜಿ ತೆಗೆಯುವುದೇ ಸರಿ.

ಮಾರ್ಚ್‌ನಿಂದ ಮೇ ತನಕ ಒಣ ಗಾಳಿ ಬೀಸುವಾಗ ಕತೆ ಬೇರೆ, ಆಗ ನುಸಿಯ (ಮೈಟ್) ಕಾಲ. ಎಲೆಯ ಅಡಿ ಬೆಳ್ಳಿ ಬಣ್ಣಕ್ಕೆ ತಿರುಗಿ ಸೂಜಿಮೊನೆಯಂಥ ಚುಕ್ಕೆ ಬೀಳುತ್ತವೆ, ಬಲೆ ಕಾಣಲೇಬೇಕೆಂದಿಲ್ಲ. ಒದ್ದೆ ಮಾಡಿದ ಬಿಳಿ ಟಿಶ್ಯೂನಿಂದ ಎಲೆಯಡಿ ಒರೆಸಿ, ತುಕ್ಕು ಬಣ್ಣ ಹತ್ತಿದರೆ ನುಸಿಯೇ. ಗೊಬ್ಬರದಂಗಡಿಯಲ್ಲಿ 'ಹುಳದ ಔಷಧಿ' ಎಂದು ಕೇಳಿದರೆ ಇಮಿಡಾಕ್ಲೋಪ್ರಿಡ್ ಕೊಟ್ಟುಬಿಡಬಹುದು. ನುಸಿಗೆ ಎಂಟು ಕಾಲು, ಅದು ಕೀಟವಲ್ಲ, ಆ ಔಷಧಿಗೆ ಬಗ್ಗುವುದಿಲ್ಲ. ನುಸಿಗೆ ಹೊಡೆಯುವ ಗಂಧಕವೂ ಈ ಬಿಸಿಲಿಗೆ ಬೇಡ, 32 ಡಿಗ್ರಿ ದಾಟಿದರೆ ಎಲೆ ಸುಡುತ್ತದೆ. 3-4 ದಿನಕ್ಕೊಮ್ಮೆ ಎಲೆಯಡಿಯನ್ನು ಬೆರಳಿನಿಂದ ಉಜ್ಜಿ ತೊಳೆದು, ಮೇಲಿನ ಸೋಪಿನ ನೀರನ್ನೇ ಎಣ್ಣೆ ಹಾಕದೆ ಹೊಡೆಯಿರಿ. ಸೆಕೆ ಹೆಚ್ಚಾದಷ್ಟೂ ನುಸಿಯ ಮೊಟ್ಟೆ ಬೇಗ ಒಡೆಯುತ್ತದೆ, ಇದಕ್ಕೆ ವಾರದ ಲೆಕ್ಕ ನಡೆಯುವುದಿಲ್ಲ.

ನರ್ಸರಿಯಿಂದ ತಂದ ಹೊಸ ಗಿಡವನ್ನು ಒಂದು ತಿಂಗಳು ಬೇರೆ ಕೋಣೆಯಲ್ಲೇ ಇಡಿ.