ಮನೆಯಲ್ಲೇ ಇರುವವಳು

ನಮ್ಮ ಬೀದಿಯ ಅರ್ಧದಷ್ಟು ಪಾರ್ಸೆಲ್‌ಗಳು ನಮ್ಮ ಮನೆಗೆ ಬರುತ್ತವೆ. ಮೈಸೂರಿನ ಕುವೆಂಪುನಗರದ ಈ ಬೀದಿಯಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳೇ ಹೆಚ್ಚು. ‘ಮೇಡಂ ಮನೆಯಲ್ಲೇ ಇರುತ್ತಾರೆ, ಅಲ್ಲಿ ಕೊಟ್ಟುಬಿಡಿ’ ಎಂದು ಫೋನಿನಲ್ಲೇ ಅಪ್ಪಣೆಯಾಗುತ್ತದೆ. ಅಂಚೆ ಇಲಾಖೆಯ ಕೌಂಟರಿನಲ್ಲಿ ಕೂತೂ ಕೂತೂ ನಿವೃತ್ತಳಾದವಳು ನಾನು. ಈಗ ಸಂಬಳವಿಲ್ಲದ ಶಾಖೆಯೊಂದನ್ನು ವರಾಂಡದಲ್ಲಿ ನಡೆಸುತ್ತಿದ್ದೇನೆ. ಬರೆಯುವುದೂ ಕೆಲಸವೇ ಎಂದು ಇಲ್ಲಿ ಯಾರಿಗೂ ಹೊಳೆಯುವುದಿಲ್ಲ. ಕಿಟಕಿಯಾಚೆಯಿಂದ ನೋಡಿದವರಿಗೆ ಮುದುಕಿಯೊಬ್ಬಳು ಲ್ಯಾಪ್‌ಟಾಪ್ ಮುಂದೆ ಸುಮ್ಮನೆ ಕೂತಿರುವುದಷ್ಟೇ ಕಾಣುತ್ತದೆ. ಬಹಳ ಹೊತ್ತು ಸುಮ್ಮನೆ ಕೂರುವುದೇ ಆ ಕೆಲಸ ಎಂದು ಗೇಟಿನ ಬಳಿ ನಿಂತು ಎಷ್ಟು ಜನರಿಗೆ ವಿವರಿಸಲಿ?

2025ರ ನವೆಂಬರಿನ ಒಂದು ಸೋಮವಾರ. ಪತ್ರಿಕೆಯೊಂದಕ್ಕೆ ಸಂಜೆಯೊಳಗೆ ಲೇಖನ ಮುಟ್ಟಿಸಬೇಕಿತ್ತು. ನವೆಂಬರ್ ಎಂದರೆ ಕನ್ನಡದಲ್ಲಿ ಬರೆಯುವವರಿಗೆ ಸುಗ್ಗಿ. ರಾಜ್ಯೋತ್ಸವ ತಿಂಗಳಿಡೀ ನಡೆಯುತ್ತದೆ; ಬಡಾವಣೆಯ ಸಂಘದಿಂದ ಹಿಡಿದು ಆಟೊ ನಿಲ್ದಾಣದವರೆಗೆ ಎಲ್ಲರಿಗೂ ಒಬ್ಬ ಅತಿಥಿ ಬೇಕು. ಬೆಳಗಿನ ಎರಡು ಕರೆಗಳು ಅಂಥವೇ. ಶಾಲು, ಹಾರ, ಹಣ್ಣಿನ ಬುಟ್ಟಿ ಅವರದು, ಆಟೊ ಬಾಡಿಗೆ ನಮ್ಮದು. ಒಂದಕ್ಕೆ ಒಪ್ಪಿಕೊಂಡೆ, ಏಕೆಂದರೆ ಅದು ನಡೆದು ಹೋಗುವಷ್ಟು ಹತ್ತಿರದಲ್ಲಿತ್ತು.

ಲೇಖನ ರಿಜಿಸ್ಟರ್ಡ್ ಪೋಸ್ಟ್ ಕುರಿತದ್ದು. ಆ ವರ್ಷವೇ ಅದನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿಬಿಟ್ಟರು. 1986ರಲ್ಲಿ ಶುರುವಾದ ಕಿರಿಯದು ಹಿರಿಯದನ್ನು ನುಂಗಿತು. ಅದರ ಬಗ್ಗೆ ಕಣ್ಣೀರು ಹಾಕುವ ಲೇಖನಗಳು ಆಗಲೇ ಬಂದಿದ್ದವು. ನನಗೆ ಕಣ್ಣೀರಿಗಿಂತ ಗೋಂದು ನೆನಪಾಗುತ್ತಿತ್ತು. ಕೌಂಟರಿನ ಮೂಲೆಯಲ್ಲಿ ಗೋಂದಿನ ಡಬ್ಬಿ, ಅದರೊಳಗೆ ಮೇಲುಗಡೆ ಕೆನೆಗಟ್ಟಿ ಕೂತ ಗೋಂದು, ಅದನ್ನು ಚುಚ್ಚಲು ಒಂದು ಕಡ್ಡಿ. ಕಥೆ ಬರೆಯುವವರನ್ನು ಅವರ ಲಕೋಟೆಯಿಂದಲೇ ಗುರುತು ಹಿಡಿಯುತ್ತಿದ್ದೆ. ಅಂಟು ಬಿಟ್ಟೀತೆಂಬ ಭಯಕ್ಕೆ ಅವರು ಗೋಂದನ್ನು ಎರಡು ಸಲ ಬಳಿದು, ಅಂಗೈಯಿಂದ ಒತ್ತಿ, ತೂಕಕ್ಕಿಟ್ಟ ಮೇಲೂ ಒಮ್ಮೆ ಮುಟ್ಟಿ ನೋಡುತ್ತಿದ್ದರು. ಕಥೆ ತಿರಸ್ಕೃತವಾದರೆ ಮರಳಿ ಬರಲೆಂದು ಒಳಗೆ ಸ್ವವಿಳಾಸದ ಲಕೋಟೆ, ಹೊರಗೆ ತಲುಪಿದ್ದಕ್ಕೆ ಸಹಿ ಹಾಕಿಸಿ ತರುವ ಎಡಿ ಕಾರ್ಡು. ಆ ಕಾರ್ಡಿನ ಮೇಲೆ ಪತ್ರಿಕಾ ಕಚೇರಿಯ ಯಾರದೋ ಸಹಿ ಬಿದ್ದು ವಾಪಸು ಬಂದರೆ ಅರ್ಧ ಪ್ರಕಟವಾದಷ್ಟೇ ಸಂಭ್ರಮ. ನನ್ನ ಕಥೆಗಳನ್ನೂ ನಾನೇ ತೂಗಿ, ನಾನೇ ಮೊಹರು ಒತ್ತಿ ಕಳುಹಿಸಿದ್ದೇನೆ, ಸಹೋದ್ಯೋಗಿಗಳಿಗೆ ಗೊತ್ತಾಗದಂತೆ.

ಇಷ್ಟು ಬರೆಯುವಾಗ ಗೇಟಿನ ಸದ್ದು. ಎದುರುಮನೆಯ ಯಜಮಾನರು. ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು, ಎಂಬತ್ತು ದಾಟಿದೆ. ‘ನೀವು ಹೇಗೂ ಬಿಡುವಾಗಿದ್ದೀರಲ್ಲ’ ಎಂದು ಮೊಬೈಲ್ ಚಾಚಿದರು. ನಾನು ಹಲ್ಲು ಕಚ್ಚಿಕೊಂಡು ಬನ್ನಿ ಎಂದೆ.

ಪಿಂಚಣಿದಾರರಿಗೆ ನವೆಂಬರ್ ಇನ್ನೊಂದು ಕಾರಣಕ್ಕೂ ಮುಖ್ಯ. ಬದುಕಿದ್ದೇವೆಂದು ಸರ್ಕಾರಕ್ಕೆ ತಿಳಿಸುವ ತಿಂಗಳು ಅದು. 2014ರಿಂದ ‘ಜೀವನ್ ಪ್ರಮಾಣ್’ ಎಂಬ ಡಿಜಿಟಲ್ ಜೀವಿತ ಪ್ರಮಾಣಪತ್ರ ಬಂದು ಬ್ಯಾಂಕಿನ ಸಾಲು ತಪ್ಪಿದೆ. 70 ರೂಪಾಯಿ ಕೊಟ್ಟರೆ ಅಂಚೆಯವರೇ ಮನೆಗೆ ಬಂದು ಬೆರಳಚ್ಚು ಪಡೆದು ಮಾಡಿಕೊಡುತ್ತಾರೆ. ಆದರೆ ಇವರ ಬೆರಳುಗಳನ್ನು ಅರದ ಮೊನೆಗಳು ಎಂದೋ ತಿಂದುಹಾಕಿವೆ. ಹೆಬ್ಬೆರಳು ನೋಡಿದೆ, ಹೊಳಪು ಬಂದ ತಗಡಿನ ಹಾಗೆ ನುಣ್ಣಗಿತ್ತು, ಗೆರೆಯೇ ಇಲ್ಲ. ಉಳಿದದ್ದು ಮುಖ ತೋರಿಸುವ ದಾರಿ.

ಟ್ಯೂಬ್‌ಲೈಟ್ ಬೆಳಕಿನಲ್ಲಿ ಫೋನು ಅವರನ್ನು ಒಪ್ಪಲಿಲ್ಲ. ಕನ್ನಡಕ ತೆಗೆಸಿದೆ, ಮಫ್ಲರ್ ಬಿಚ್ಚಿಸಿದೆ, ಕೊನೆಗೆ ಅಂಗಳದ ಬಿಸಿಲಿಗೆ ಕುರ್ಚಿ ಹಾಕಿದೆ. ಕಣ್ಣು ಮಿಟುಕಿಸಬೇಕು ಎಂದರೆ ಅವರು ದೇವರ ಮುಂದೆ ನಿಂತವರಂತೆ ಮುಚ್ಚಿಯೇ ಬಿಟ್ಟರು. ‘ತೆಗೆಯಿರಿ’ ಎಂದರೆ ರೆಪ್ಪೆಯಾಡಿಸದೆ ದಿಟ್ಟಿಸಿದರು. ಅಷ್ಟರಲ್ಲಿ ಸೊಪ್ಪಿನವಳು ಗಾಡಿ ನಿಲ್ಲಿಸಿ, ‘ತಾತ, ನನ್ನ ನೋಡಿ, ಹೀಗೆ’ ಎಂದು ಪಟಪಟನೆ ಮಿಟುಕಿಸಿದಳು. ಅವರಿಗೆ ನಗು ಬಂತು, ಮಿಟುಕಿಸಿದರು, ಪರದೆಯ ವೃತ್ತ ಹಸಿರಾಯಿತು.

‘ಆಯಿತೇ? ಬದುಕಿದ್ದೇನೆಯೇ?’

‘ಮುಂದಿನ ನವೆಂಬರ್‌ವರೆಗೆ’ ಎಂದೆ. ಅವರು ಸೊಪ್ಪಿನವಳಿಂದ ದಂಟಿನ ಎರಡು ಕಟ್ಟು ಕೊಂಡು ಒಂದನ್ನು ನನ್ನ ಕೈಗಿಟ್ಟು ಹೋದರು. ಶುಲ್ಕವೆಂದು ತಿಳಿದು ಇಟ್ಟುಕೊಂಡೆ.

ಮಧ್ಯಾಹ್ನ ಊಟ, ಮಾತ್ರೆ, ಮೂರು ಪಾರ್ಸೆಲ್. ಲೇಖನ ಮುಗಿದದ್ದು ನಾಲ್ಕು ದಾಟಿದ ಮೇಲೆ. ಯೂನಿಕೋಡ್‌ನಲ್ಲಿ ಕಳುಹಿಸಿದ್ದನ್ನು ಪತ್ರಿಕೆಯವರು ತಮ್ಮ ಹಳೆಯ ಅಕ್ಷರ ವಿನ್ಯಾಸಕ್ಕೆ ಬದಲಿಸಿಕೊಳ್ಳುವಾಗ ಒತ್ತಕ್ಷರಗಳು ಚದುರುವುದುಂಟು, ಆದ್ದರಿಂದ ಪಿಡಿಎಫ್ ಪ್ರತಿಯನ್ನೂ ಜೊತೆಗಿಡುತ್ತೇನೆ. ಸಂಪಾದಕರ ಫೋನು ಅರ್ಧ ಗಂಟೆಯಲ್ಲೇ ಬಂತು. ಚೆನ್ನಾಗಿದೆ, ಆದರೆ ಜಾಹೀರಾತು ಬಂದಿದೆ, ನೂರು ಪದ ಇಳಿಸಿಕೊಡಿ, ಆ ಗೋಂದಿನ ಭಾಗ ಸ್ವಲ್ಪ ಉದ್ದವಾಯಿತು ಎಂದರು.

ಇಲಾಖೆಯ ಚರಿತ್ರೆಯ ಒಂದು ಪ್ಯಾರಾವನ್ನು ಪೂರ್ತಿ ಹೊಡೆದುಹಾಕಿದೆ. ಗೋಂದನ್ನು ಮುಟ್ಟಲಿಲ್ಲ. ಭಾನುವಾರ ಹಾಗೆಯೇ ಅಚ್ಚಾಯಿತು.