ಉಪ್ಪು ಬೀಳುವ ಮೊದಲು: ಹಳೇ ಕ್ಯಾಮ್ರಿಗೆ ಚಳಿಗಾಲದ ತಯಾರಿ

ಅಕ್ಟೋಬರ್ 4, ಶನಿವಾರ

ಆಯುಧ ಪೂಜೆಗೆ ಬಾನೆಟ್ ಮೇಲೆ ಇಟ್ಟ ಅರಿಶಿನ ಕುಂಕುಮ ಇನ್ನೂ ಪೂರ್ತಿ ಹೋಗಿಲ್ಲ. ಹೇಗೂ ಉಜ್ಜಲೇಬೇಕು, ಚಳಿಗಾಲದ ಕೆಲಸವನ್ನೂ ಇವತ್ತೇ ಶುರು ಮಾಡಿಬಿಟ್ಟೆ. ನಾವಿರೋದು ಮಿಶಿಗನ್‌ನಲ್ಲಿ, ಡೆಟ್ರಾಯ್ಟ್ ಹತ್ತಿರ. ಗಾಡಿ ಒಂಬತ್ತು ವರ್ಷದ ಗಾಢ ನೀಲಿ ಟೊಯೋಟ ಕ್ಯಾಮ್ರಿ, ಸೆಕೆಂಡ್ ಹ್ಯಾಂಡ್.

ಇಷ್ಟು ತಲೆ ಕೆಡಿಸಿಕೊಳ್ಳೋಕೆ ಕಾರಣ ಹಿಂದಿನ ಕಾರು. ಅದರ ಹಿಂದಿನ ಚಕ್ರದ ಮೇಲಿನ ಕಮಾನಿನಲ್ಲಿ ಪೇಂಟ್ ಹಪ್ಪಳದ ಹಾಗೆ ಉಬ್ಬಿತ್ತು. ಸುಮ್ನೆ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿದೆ. ಅಷ್ಟು ತುಕ್ಕು, ಒಳಗೇ ಹೋಯಿತು. ಅದೇ ಕಾರಿನ ಬಾನೆಟ್‌ನಲ್ಲಿ ಮಾತ್ರ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಪ್ರತಿ ವರ್ಷ ಅಲ್ಲಿಗೇ ವ್ಯಾಕ್ಸ್ ಹಾಕಿದ್ದೆ.

ಇಲ್ಲಿ ಹಿಮ ಅಲ್ಲ ಶತ್ರು, ಐಸ್ ಕರಗಿಸೋಕೆ ರಸ್ತೆಗೆ ಸುರಿಯೋ ಉಪ್ಪು. ಡೆಟ್ರಾಯ್ಟ್ ಊರಿನ ಕೆಳಗೇ, ಸಾವಿರ ಅಡಿಗೂ ಹೆಚ್ಚು ಆಳದಲ್ಲಿ, ಉಪ್ಪಿನ ಗಣಿ ಇದೆ. 1910ರ ಹೊತ್ತಿಗೆ ಶುರುವಾಗಿದ್ದು. ಫೋನಿನಲ್ಲಿ ಅಮ್ಮನಿಗೆ ಈ ವಿಷಯ ಹೇಳಿದಾಗ, "ಉಪ್ಪು ಚೆಲ್ಲಬಾರದು ಕಣೋ, ಲಾರಿಗಟ್ಟಲೆ ಚೆಲ್ತಾರಾ?" ಅಂದರು. ಚೆಲ್ತಾರಮ್ಮ. ಮೈನಸ್ 9 ಡಿಗ್ರಿಗಿಂತ ಕೆಳಗೆ ಹೋದರೆ ಬರೀ ಉಪ್ಪಿಗೆ ಐಸ್ ಕರಗಿಸೋ ಶಕ್ತಿ ಕಡಿಮೆ. ಆಗ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಕೂಡ ಬಳಸುತ್ತಾರೆ. ಇವು ಗಾಳಿಯ ತೇವವನ್ನೇ ಹೀರಿಕೊಳ್ಳುತ್ತವೆ. ಮಳೆಗಾಲದಲ್ಲಿ ನಮ್ಮೂರ ಅಡುಗೆಮನೆಯ ಉಪ್ಪಿನ ಜಾಡಿ ನೀರೊಡೆಯುತ್ತಲ್ವಾ, ಹಾಗೆ. ಅಂದರೆ ಕಾರಿನ ಸಂದಿಯಲ್ಲಿ ಕೂತ ಉಪ್ಪು ಬೇಗ ಒಣಗೋದೇ ಇಲ್ಲ. ಇನ್ನೊಂದು ತಮಾಷೆ: ಉಪ್ಪು ತೊಳೆಯದೆ ಬೆಚ್ಚಗಿನ ಗ್ಯಾರೇಜಿನಲ್ಲಿ ನಿಲ್ಲಿಸಿದ ಕಾರಿಗೆ, ಹೊರಗೆ ಕೊರೆಯೋ ಚಳಿಯಲ್ಲಿ ನಿಂತ ಕಾರಿಗಿಂತ ಬೇಗ ತುಕ್ಕು ಹಿಡಿಯುತ್ತದೆ.

ನಮ್ಮದು ಅಪಾರ್ಟ್‌ಮೆಂಟ್. ಪಾರ್ಕಿಂಗ್‌ನಲ್ಲಿ ಕಾರು ತೊಳೆಯೋ ಹಾಗಿಲ್ಲ. ಹಾಗಾಗಿ ಇಲ್ಲಿರೋ ಹಾಸನದ ಗೆಳೆಯನ ಮನೆ ಅಂಗಳ, ಅವನ ಗ್ಯಾರೇಜು, ಅವನದೇ ನೀರು. ಇವತ್ತು ಬರೀ ತೊಳೆದಿದ್ದು. ಸೋಪಿನ ನೀರಿಗೆ ಒಂದು ಬಕೆಟ್, ಬಟ್ಟೆ ಜಾಲಿಸೋಕೆ ಇನ್ನೊಂದು. ಒಂದೇ ಬಕೆಟ್ ಆದರೆ ಮರಳನ್ನು ಮತ್ತೆ ಮತ್ತೆ ಪೇಂಟ್ ಮೇಲೆ ತಿಕ್ಕಿದ ಹಾಗೇ. ಚಕ್ರ ಮೊದಲು, ಬಾಡಿ ಆಮೇಲೆ.

ಅಕ್ಟೋಬರ್ 11, ಶನಿವಾರ

ತೊಳೆದ ಪೇಂಟ್ ಕಣ್ಣಿಗೆ ಕ್ಲೀನ್ ಕಾಣುತ್ತದೆ, ಕೈಗೆ ಅಲ್ಲ. ಬೆರಳಿಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಸವರಿದೆ. ಚಿರೋಟಿ ರವೆಯ ಮೇಲೆ ಕೈ ಆಡಿಸಿದ ಹಾಗೆ ತರಿತರಿ. ಬ್ರೇಕ್‌ನಿಂದ, ರಸ್ತೆಯಿಂದ ಎದ್ದ ಕಬ್ಬಿಣದ ಚೂರುಗಳು ಕ್ಲಿಯರ್ ಕೋಟ್‌ಗೆ, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರಕ್ಕೆ, ಕಚ್ಚಿಕೊಂಡಿರುತ್ತವೆ. ಅದಕ್ಕೆ ಆ ಚೂರು ಕರಗಿಸೋ ಐರನ್ ರಿಮೂವರ್ ಸಿಂಪಡಿಸಿದೆ. ಎರಡೇ ನಿಮಿಷ. ಬಾಗಿಲ ಕೆಳಭಾಗದಲ್ಲಿ ನೇರಳೆ ಹಣ್ಣು ಹಿಂಡಿದ ಹಾಗೆ ಬಣ್ಣ ಇಳಿಯತೊಡಗಿತು. ನೋಡೋಕೆ ಚಂದ. ವಾಸನೆ ಮಾತ್ರ ಕೊಳೆತ ಮೊಟ್ಟೆ. ಗೆಳೆಯನ ಹೆಂಡತಿ ಕಿಟಕಿ ಮುಚ್ಚಿಕೊಂಡರು.

ಆಮೇಲೆ ಕ್ಲೇ ಬಾರ್, ಪೇಂಟಿಗೆ ಕಚ್ಚಿದ ಕೊಳೆ ಎತ್ತೋ ಜೇಡಿಯಂಥ ಉಂಡೆ. ಚಪಾತಿ ಹಿಟ್ಟಿನ ಹಾಗೆ ನಾದಿ, ಚಪ್ಪಟೆ ಮಾಡಿ, ಸೋಪು ನೀರು ಚಿಮುಕಿಸಿ ಮೆತ್ತಗೆ ಉಜ್ಜೋದು. ಒತ್ತಬಾರದು. ಕೊಳೆಯಾದ ಮುಖವನ್ನು ಒಳಗೆ ಮಡಚಿ ಮತ್ತೆ ನಾದಬೇಕು. ಡಿಕ್ಕಿಯ ಹತ್ತಿರ ಬರುವಾಗ ಉಂಡೆ ಕೈ ಜಾರಿ ನೆಲಕ್ಕೆ ಬಿತ್ತು. ಮರಳು ಅಂಟಿದ್ದನ್ನು ತೊಳೆದು ಬಳಸೋ ಆಸೆ ಆಯಿತು. ಆದರೆ ಅದು ಉಪ್ಪುಕಾಗದದಲ್ಲಿ (ಸ್ಯಾಂಡ್‌ಪೇಪರ್) ಪೇಂಟ್ ಉಜ್ಜಿದ ಹಾಗೇ. ಕಸದ ಬುಟ್ಟಿಗೆ ಹಾಕಿದೆ. ಡಿಕ್ಕಿಗೆ ಕ್ಲೇ ಇಲ್ಲ ಈ ವರ್ಷ.

ಮಷೀನ್ ಪಾಲಿಶ್ ಬೇಡ ಅಂದುಕೊಂಡೆ. ಕ್ಲಿಯರ್ ಕೋಟ್ ಇರೋದೇ ಸುಮಾರು 40-50 ಮೈಕ್ರಾನ್, ತಲೆಕೂದಲಿಗಿಂತ ತೆಳು. ಅದನ್ನು ಸವೆಸಿ ಹೊಳಪು ತಂದು, ಮುಂದಿನ ತಿಂಗಳೇ ಹಿಮದ ಬ್ರಷ್ಷಿನಿಂದ ಗೀರು ಹಾಕಿಸಿಕೊಳ್ಳೋದು ಯಾವ ಲೆಕ್ಕ? ವಸಂತದಲ್ಲಿ ನೋಡೋಣ.

ಅದಕ್ಕಿಂತ ಮುಖ್ಯ ಕಲ್ಲೇಟು. ಬಾನೆಟ್‌ನ ಮುಂದಿನ ಅಂಚಿನಲ್ಲಿ ಹದಿನಾಲ್ಕು, ಮುಂದಿನ ಚಕ್ರದ ಹಿಂದೆ ಐದು. ಅದರಲ್ಲಿ ಮೂರರಲ್ಲಿ ಆಗಲೇ ಕಿತ್ತಳೆ ಚುಕ್ಕೆ. ಪೇಂಟಿನ ಕೋಡು ಡ್ರೈವರ್ ಬಾಗಿಲು ತೆರೆದರೆ ಕಂಬದ ಚೀಟಿಯಲ್ಲೇ ಇರುತ್ತದೆ. ತುಕ್ಕನ್ನು ಕೆರೆದು, ಆಲ್ಕೋಹಾಲ್‌ನಲ್ಲಿ ಒರೆಸಿ, ಟಚ್‌ಅಪ್ ಪೇಂಟನ್ನು ಹಲ್ಲುಕಡ್ಡಿಯ ತುದಿಯಲ್ಲಿ ಹನಿ ಹನಿಯಾಗಿ ಇಟ್ಟೆ. ಬಾಟಲಿಯ ಜೊತೆ ಬರೋ ಬ್ರಷ್ ದಪ್ಪ, ಅದನ್ನು ನಂಬಬೇಡಿ. ಹತ್ತಿರದಿಂದ ನೋಡಿದರೆ ಮೊಡವೆ ಥರ ಕಾಣುತ್ತದೆ. ಕಾಣಲಿ.

ಅಕ್ಟೋಬರ್ 18, ಶನಿವಾರ

ಸೀಲಂಟ್, ಅಂದರೆ ಪೇಂಟ್ ಕಾಯೋ ಲೇಪ. ಮಧ್ಯಾಹ್ನ ಹದಿನಾಲ್ಕು ಡಿಗ್ರಿ ಇತ್ತು. ಹತ್ತಕ್ಕಿಂತ ಕೆಳಗಿಳಿದರೆ ಇದು ಸರಿಯಾಗಿ ಹಿಡಿಯಲ್ಲ, ಹಾಗಾಗಿ ಈ ಕೆಲಸವನ್ನು ಮುಂದಕ್ಕೆ ಹಾಕೋ ಹಾಗಿರಲಿಲ್ಲ. ಕಾರ್ನೌಬಾ ಮೇಣ ಬ್ರೆಜಿಲ್‌ನ ತಾಳೆ ಎಲೆಯಿಂದ ಬರೋದು, ಹೊಳಪು ಜೋರು, ಆದರೆ ಉಪ್ಪು ನೀರು, ಸೋಪಿನ ಮುಂದೆ ಜಾಸ್ತಿ ದಿನ ನಿಲ್ಲಲ್ಲ. ಸಿರಾಮಿಕ್ ಕೋಟಿಂಗ್ ಒಳ್ಳೇದೇ. ಅದಕ್ಕೆ ಬೇಕಾದ ಪಾಲಿಶ್ ತಯಾರಿ, ಧೂಳಿಲ್ಲದ ಜಾಗ, ಎರಡೂ ನನ್ನ ಹತ್ತಿರ ಇಲ್ಲ. ಸಾದಾ ಪಾಲಿಮರ್ ಸೀಲಂಟ್ ಸಾಕು.

ತೆಳುವಾಗಿ ಹಚ್ಚಬೇಕು, ದೋಸೆ ಕಾವಲಿಗೆ ಎಣ್ಣೆ ಸವರಿದಷ್ಟು. ನಾನು ಮೊದಲ ಬಾಗಿಲಿಗೆ ಮಸಾಲೆ ದೋಸೆಗೆ ಬೆಣ್ಣೆ ಹಾಕಿದ ಹಾಗೆ ಮೆತ್ತಿದೆ. ಒರೆಸಿ ಒರೆಸಿ ತೋಳು ಬಿದ್ದುಹೋಯಿತು. ಕನ್ನಡಿಯ ಕೆಳಗಿನ ಕಪ್ಪು ಪ್ಲಾಸ್ಟಿಕ್‌ಗೂ ತಾಗಿ ಬಿಳಿ ಕಲೆ ಉಳಿದಿದೆ. ಮುಂಚೆಯೇ ಟೇಪ್ ಅಂಟಿಸಿದ್ದರೆ ಆಗುತ್ತಿತ್ತು.

ಅಕ್ಟೋಬರ್ 25, ಶನಿವಾರ

ಇವತ್ತಿನದೇ ನಿಜವಾದ ಕೆಲಸ. ಅಲಾಯ್ ಚಕ್ರ ಬಿಚ್ಚಿ, ಸ್ಟೀಲ್ ರಿಮ್ಮಿನ ವಿಂಟರ್ ಟೈರ್ ಹಾಕೋದು. ಉಷ್ಣತೆ 7 ಡಿಗ್ರಿಗಿಂತ ಕೆಳಗೆ ಹೋದರೆ ಮಾಮೂಲಿ ಟೈರಿನ ರಬ್ಬರ್ ಗಟ್ಟಿಯಾಗಿ ಹಿಡಿತ ಕಡಿಮೆಯಾಗುತ್ತದೆ. ವಿಂಟರ್ ಟೈರ್ ಮೆತ್ತಗೇ ಇರುತ್ತದೆ. ಅದರ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಒಳಗೆ ಹಿಮದ ಹರಳಿನ ಗುರುತು ಇದೆಯಾ ಅಂತ ನೋಡಿಯೇ ಕೊಳ್ಳಬೇಕು.

ಮೊದಲ ಚಕ್ರದಲ್ಲೇ ಜಗಳ. ಹೋದ ಸಲ ಟೈರ್ ಹಾಕಿದ ಅಂಗಡಿಯವರು ಗನ್ನಿನಲ್ಲಿ ನಟ್ ಬಿಗಿದಿದ್ದು ಹೇಗಿತ್ತು ಅಂದರೆ, ರೆಂಚಿನ ಮೇಲೆ ನಾನು ಹತ್ತಿ ನಿಂತು ಕುಣಿಯಬೇಕಾಯಿತು. ಐದು ನಟ್ಟಿನಲ್ಲಿ ಮೂರು ಬಿಚ್ಚಿ, ಎರಡನ್ನು ಸಡಿಲ ಮಾಡಿ ಹಾಗೇ ಬಿಟ್ಟೆ. ಚಕ್ರ ಅಲ್ಲಾಡಲಿಲ್ಲ. ಅಲಾಯ್ ಅಲ್ಯೂಮಿನಿಯಂ, ಚಕ್ರ ಕೂರೋ ಹಬ್ ಕಬ್ಬಿಣ. ಎರಡರ ಮಧ್ಯೆ ಉಪ್ಪು ನೀರು ಸೇರಿದರೆ ಬೆಸುಗೆ ಹಾಕಿದ ಹಾಗೆ ಕಚ್ಚಿಕೊಳ್ಳುತ್ತದೆ. ಕಾರಿನ ಅಡಿಗೆ ಸ್ಟ್ಯಾಂಡ್ ಕೊಟ್ಟಿದ್ದೀನಾ ಅಂತ ಇನ್ನೊಮ್ಮೆ ನೋಡಿಕೊಂಡು, ಟೈರಿಗೆ ಎಡಗಡೆಯಿಂದ ಒಮ್ಮೆ, ಬಲಗಡೆಯಿಂದ ಒಮ್ಮೆ ಒದ್ದೆ. "ಹಸು ಒದೆಯೋದು ನೋಡಿದ್ದೆ ಕಣಪ್ಪ, ಹಸು ಥರ ಒದೆಯೋ ಮನುಷ್ಯನ್ನ ಇವತ್ತೇ ನೋಡಿದ್ದು" ಅಂದ ಗೆಳೆಯ. ಆರನೇ ಏಟಿಗೆ ಢಬ್ ಅಂತ ಬಿಟ್ಟುಕೊಂಡಿತು.

ಚಕ್ರ ಮಗುಚಿ ಹಾಕಿ ನೋಡಿದರೆ, ಮುಂದೆ ಫಳಫಳ, ಒಳಗೆ ಹೆಂಚಿನ ತಳ. ಬ್ರೇಕ್ ಡಸ್ಟ್ ಬಿಸಿಬಿಸಿಯಾಗಿಯೇ ಬಂದು ಕೂತು ಗಟ್ಟಿಯಾಗಿದೆ. ಒಂದು ಚಕ್ರದ ಕಡ್ಡಿಯ ಅಂಚಿನಲ್ಲಿ, ಮೇಲಿನ ಪಾರದರ್ಶಕ ಲ್ಯಾಕರ್‌ನ ಕೆಳಗೆ, ಬಿಳಿ ಗೆರೆಗಳು ಶಾವಿಗೆ ಎಳೆಯ ಹಾಗೆ ಹರಿದಿವೆ. ಫುಟ್‌ಪಾತಿನ ಕಲ್ಲಿಗೆ ಉಜ್ಜಿದ ಜಾಗದಿಂದ ಉಪ್ಪು ಒಳಗೆ ನುಸುಳಿ, ಲ್ಯಾಕರ್‌ನ ಅಡಿಯಲ್ಲೇ ಅಲ್ಯೂಮಿನಿಯಂ ತಿನ್ನುತ್ತಾ ಸಾಗುತ್ತದೆ. ಅದಕ್ಕೆ ಮೇಲಿಂದ ಏನು ಹಚ್ಚಿದರೂ ಉಪಯೋಗ ಇಲ್ಲ. ಕೆರೆದು ಮತ್ತೆ ಪೇಂಟ್ ಮಾಡಬೇಕು. ಉಳಿದ ಮೂರಕ್ಕೆ ಐರನ್ ರಿಮೂವರ್ ಎರಡು ಸಲ, ಮೆತ್ತನೆ ಬ್ರಷ್, ಮತ್ತೆ ಸೀಲಂಟ್ ಎರಡು ಪದರ, ಒಳಮುಖಕ್ಕೂ.

ಹಬ್‌ನ ತುಕ್ಕನ್ನು ವೈರ್ ಬ್ರಷ್ಷಿನಲ್ಲಿ ಉಜ್ಜಿ, ಚಕ್ರ ಕೂರೋ ಉಂಗುರಕ್ಕೆ ಮಾತ್ರ ಆಂಟಿ-ಸೀಜ್, ಅಂದರೆ ಲೋಹ ಕಚ್ಚಿಕೊಳ್ಳದ ಹಾಗೆ ತಡೆಯೋ ಲೇಪ, ತೆಳುವಾಗಿ ಸವರಿದೆ. ಬೋಲ್ಟಿನ ಥ್ರೆಡ್ಡಿಗೆ ಇಲ್ಲ. ಅಲ್ಲಿ ಜಾರಿಕೆ ಬಂದರೆ ಎಷ್ಟು ಬಿಗಿದಿದ್ದೀವಿ ಅಂತ ಅಳೆಯೋ ಟಾರ್ಕ್ ರೆಂಚಿನ ಲೆಕ್ಕವೇ ತಪ್ಪಿ ನಟ್ ಜಾಸ್ತಿ ಬಿಗಿಯಾಗುತ್ತದೆ. ಸ್ಟೀಲ್ ರಿಮ್ಮುಗಳು ನೋಡೋಕೆ ಟ್ಯಾಕ್ಸಿ ಥರ. ಗೀರಿದರೆ ಹತ್ತು ನಿಮಿಷದಲ್ಲಿ ಕಪ್ಪು ಸ್ಪ್ರೇ ಹೊಡೆದರೆ ಆಯಿತು. ಎದುರುಬದುರು ನಟ್‌ಗಳನ್ನು ಒಂದಾದ ಮೇಲೊಂದರಂತೆ 103 ನ್ಯೂಟನ್ ಮೀಟರ್‌ಗೆ ಬಿಗಿದೆ. ಕಟ್ ಅನ್ನೋ ಶಬ್ದ ಕೇಳಿದರೆ ನಿಲ್ಲಿಸಬೇಕು, ಇನ್ನೊಂದು ಸ್ವಲ್ಪ ಅಂತ ಒತ್ತಬಾರದು.

ನವೆಂಬರ್ 1, ಶನಿವಾರ

ರಾಜ್ಯೋತ್ಸವ. ಸಂಜೆ ಕನ್ನಡ ಕೂಟದ ಕಾರ್ಯಕ್ರಮ. ಬೆಳಿಗ್ಗೆ ಕಾರಿನ ಕೆಳಗೆ ಮಲಗಿದ್ದೆ. ಲ್ಯಾನೊಲಿನ್ ಸ್ಪ್ರೇ, ಅಂದರೆ ಕುರಿ ಉಣ್ಣೆಯ ಜಿಡ್ಡು. ಅದು ಒಣಗಿ ಪದರವಾಗಲ್ಲ, ಜಿಡ್ಡಾಗೇ ಇರುತ್ತದೆ, ಹಾಗಾಗಿ ಬಿರುಕು ಬಿಟ್ಟು ಒಳಗೆ ನೀರು ಹಿಡಿಯೋ ಭಯ ಇಲ್ಲ. ಚಕ್ರದ ಕಮಾನಿನ ಒಳಮಡಿಕೆಗೆ, ಬೆಸುಗೆ ಜಾಗಗಳಿಗೆ ಹೊಡೆದೆ. ಬ್ರೇಕ್ ಡಿಸ್ಕಿಗೂ ಸೈಲೆನ್ಸರ್‌ಗೂ ತಾಗದ ಹಾಗೆ ಹಳೇ ಚೀಲ ಸುತ್ತಿದ್ದೆ. ಬಾಗಿಲಿನ ಅಡಿಯ ನೀರು ಹೋಗೋ ತೂತುಗಳಲ್ಲಿ ಎರಡು ಕಟ್ಟಿಕೊಂಡಿದ್ದವು. ಕಡ್ಡಿ ಹಾಕಿ ತೆಗೆದಾಗ ಒಂದರಿಂದ ಅರ್ಧ ಲೋಟ ಕಂದು ನೀರು ಸುರಿಯಿತು. ಈ ಇಡೀ ಒಂದು ತಿಂಗಳ ಕೆಲಸದಲ್ಲಿ ಅತಿ ಹೆಚ್ಚು ಖುಷಿ ಕೊಟ್ಟಿದ್ದು ಆ ಅರ್ಧ ಲೋಟ.

ಸಂಜೆ ಕಾರು ಹತ್ತಿದ ಹೆಂಡತಿ ರೇಷ್ಮೆ ಸೀರೆಯ ಸೆರಗು ಮೂಗಿಗೆ ಹಿಡಿದು, "ಏನ್ರೀ ಇದು, ಕುರಿ ಹಟ್ಟಿ ಥರ?" ಅಂದಳು. ಎರಡು ವಾರದಲ್ಲಿ ಹೋಗುತ್ತದೆ.

ನವೆಂಬರ್ 9, ಭಾನುವಾರ

ನೂರು ಮೈಲಿ ಓಡಿದ ಮೇಲೆ ನಟ್‌ಗಳಿಗೆ ಮತ್ತೆ ಟಾರ್ಕ್ ಹಾಕಿದೆ. ಇಪ್ಪತ್ತರಲ್ಲಿ ಒಂದು ಮಾತ್ರ ಕಾಲು ಸುತ್ತು ತಿರುಗಿತು. ಬಾಗಿಲ ರಬ್ಬರ್‌ಗಳಿಗೆ ಸಿಲಿಕೋನ್ ಸವರಿದೆ, ಇಲ್ಲದಿದ್ದರೆ ಚಳಿಯಲ್ಲಿ ಬಾಗಿಲು ಅಂಟಿಕೊಳ್ಳುತ್ತದೆ. ಹಿಮ ತಳ್ಳೋಕೆ ಬಿರುಸು ಬ್ರಷ್ ಎಸೆದು ಫೋಮ್ ತಲೆಯ ಪೊರಕೆ ತಂದಿದ್ದೇನೆ. ಮುಂದೆ, ಶೂನ್ಯಕ್ಕಿಂತ ಮೇಲಿರೋ ದಿನ ನೋಡಿಕೊಂಡು, ಕಾಯಿನ್ ಹಾಕೋ ವಾಶ್‌ನಲ್ಲಿ ಕಾರಿನ ಅಡಿಭಾಗ ತೊಳೆಯೋದಷ್ಟೇ ಕೆಲಸ.

ನಾಲ್ಕು ಅಲಾಯ್ ಚಕ್ರಗಳೂ ನಮ್ಮ ಬಾಲ್ಕನಿಯಲ್ಲಿ, ತುಳಸಿ ಕುಂಡದ ಪಕ್ಕ ಕೂತಿವೆ. ಯಾವಾಗ ತೆಗೀತೀರಿ ಅಂತ ಹೆಂಡತಿ ಆಗಲೇ ಎರಡು ಸಲ ಕೇಳಿದಳು. ಮಾರ್ಚ್ ಅಂದಿದ್ದೇನೆ. ಏಪ್ರಿಲ್ ಅನ್ನೋದನ್ನ ಮಾರ್ಚ್‌ನಲ್ಲಿ ಹೇಳಿದರಾಯಿತು.