ಮೊಣಕೈಗೂ ಸೊಂಟಕ್ಕೂ ನಡುವಿನ ಸಂದಿ

ಕಳೆದ ವರ್ಷ ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆದಾಗ ದರ್ಶನದ ಸಾಲಿನಲ್ಲಿ ನಾನು ಮೊದಲ ಬಾರಿಗೆ ಒಬ್ಬಳೇ ನಿಂತಿದ್ದೆ. ವರ್ಷಕ್ಕೊಮ್ಮೆ ಮಾತ್ರ ತೆರೆಯುವ ಗುಡಿಯದು; ಹಿಂದಿನ ವರ್ಷ ಹಚ್ಚಿಟ್ಟ ದೀಪ ಆರದೆ, ಮುಡಿಸಿದ ಹೂ ಬಾಡದೆ ಇರುತ್ತದೆಂಬ ನಂಬಿಕೆಯಿಂದ ಊರಿಗೆ ಊರೇ ಅಲ್ಲಿ ಸೇರುತ್ತದೆ. ಒಂದನೆಯ ತರಗತಿಯಿಂದ ಜೊತೆಗಿದ್ದ ನಾವು ಮೂವರು ಗೆಳತಿಯರು, ಮದುವೆಯಾಗಿ ಬೇರೆ ಬೇರೆ ಊರು ಸೇರಿದ ಮೇಲೂ, ಈ ಒಂದು ದಿನಕ್ಕೆ ತಪ್ಪದೆ ಬರುತ್ತಿದ್ದೆವು. ಗಂಟೆಗಟ್ಟಲೆ ನಿಲ್ಲಬೇಕಾದ ಆ ಸಾಲೇ ನಮಗೆ ವರ್ಷದ ಮಾತನ್ನೆಲ್ಲ ಆಡಿ ಮುಗಿಸುವ ಜಗಲಿಯಾಗಿತ್ತು.

ಕಾಶಿಯಿಂದ ದಕ್ಷಿಣಕ್ಕೆ ಬಂದ ಸಪ್ತಮಾತೃಕೆಯರು ಹಾಸನದ ಚೆಲುವಿಗೆ ಮನಸೋತು ಇಲ್ಲೇ ನೆಲೆಸಿದರೆಂದು ಸ್ಥಳಕಥೆ ಹೇಳುತ್ತದೆ. ಮೂವರು ಈ ಗುಡಿಯಲ್ಲಿ ಹುತ್ತದ ರೂಪದಲ್ಲಿದ್ದಾರೆ, ಮೂವರು ದೇವಿಗೆರೆಯಲ್ಲಿದ್ದಾರೆ, ಒಬ್ಬಳು ಕೆಂಚಮ್ಮನ ಹೊಸಕೋಟೆಯಲ್ಲಿದ್ದಾಳೆ. ಚಿಕ್ಕಂದಿನಿಂದ ಎಷ್ಟೋ ಸಲ ಕೇಳಿದ್ದ ಆ ಕಥೆಯಲ್ಲಿ, ಜೊತೆಯಾಗಿ ಅಷ್ಟು ದೂರ ನಡೆದು ಬಂದ ಅಕ್ಕತಂಗಿಯರು ಕೊನೆಗೆ ಏಕೆ ಬೇರೆ ಬೇರೆ ಕಡೆ ಉಳಿದರೆಂಬ ಪ್ರಶ್ನೆ ನನಗೆ ಹುಟ್ಟಿದ್ದು ಆ ದಿನವೇ.

ನಾವು ಬೇರೆಯಾದದ್ದಕ್ಕೆ ಕಾರಣ ನನಗೆ ಗೊತ್ತಿತ್ತು. ಒಬ್ಬಳು ನನ್ನನ್ನು ನಂಬಿ ಹೇಳಿಕೊಂಡಿದ್ದ ಅವಳ ಸಂಸಾರದ ವಿಷಯವನ್ನು ನಾನು ಇನ್ನೊಬ್ಬಳ ಮುಂದೆ ಆಡಿಬಿಟ್ಟಿದ್ದೆ. ಅವಳಿಗೆ ಒಳ್ಳೆಯದಾಗಲೆಂದೇ ಆಡಿದೆನೆಂಬ ಸಮಾಧಾನವನ್ನು ನಾನು ಬಹಳ ದಿನ ಹೇಳಿಕೊಂಡೆ, ಆದರೆ ಆ ಮಾತು ನನ್ನದಾಗಿರಲಿಲ್ಲ. ವಿಷಯ ತಿರುಗಿ ಅವಳ ಕಿವಿಗೇ ಮುಟ್ಟಿತು. ಅವಳು ಮಾತು ಬಿಟ್ಟಳು. ಇನ್ನೊಬ್ಬಳು ಇಬ್ಬರ ಕಡೆಗೂ ನಿಲ್ಲಲಾರದೆ ಮೆಲ್ಲಗೆ ಫೋನ್ ಎತ್ತುವುದನ್ನೇ ನಿಲ್ಲಿಸಿದಳು.

ಯಾರಾದರೂ ತೀರಿಕೊಂಡರೆ ಸೂತಕವಿದೆ, ಹನ್ನೊಂದನೆಯ ದಿನವಿದೆ, ಬಂದು ಎರಡು ಮಾತಾಡಿ ಹೋಗುವ ನೆಂಟರಿದ್ದಾರೆ. ಸ್ನೇಹ ಕಳೆದುಕೊಂಡವರಿಗೆ ಇವು ಯಾವುವೂ ಇಲ್ಲ. ದುಃಖಪಡಲು ಒಂದು ಗಡುವಾಗಲಿ, ಒಂದು ಕ್ರಮವಾಗಲಿ ಇಲ್ಲದೆ, ಅಡುಗೆ ಮಾಡುತ್ತಲೇ, ಮಕ್ಕಳನ್ನು ಶಾಲೆಗೆ ಕಳಿಸುತ್ತಲೇ ಅದನ್ನು ಹೊತ್ತು ತಿರುಗಬೇಕಾಗುತ್ತದೆ. ನಿದ್ದೆ ಪೂರ್ತಿ ಕೆಟ್ಟಾಗ ಒಂದು ರಾತ್ರಿ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಿದೆ. ಇದನ್ನು ಇಲ್ಲಿ ಬರೆಯುತ್ತಿರುವುದು, ಮುಂದೆ ನಾನು ಹೇಳುವುದನ್ನು ಓದಿ ಚಿತ್ರ ಬರೆದರೆ ಸಾಕು, ಬೇರೆ ನೆರವು ಬೇಡವೆಂದು ಯಾರೂ ತಿಳಿಯಬಾರದೆಂದು. ಆ ಕಡೆಯಿದ್ದ ಹೆಣ್ಣುಮಗಳು ತಾಳ್ಮೆಯಿಂದ ಎಲ್ಲವನ್ನೂ ಕೇಳಿಸಿಕೊಂಡು, ಚಿಕ್ಕಂದಿನಲ್ಲಿ ಯಾವ ಕೆಲಸ ಮಾಡುವಾಗ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲವೆಂದು ಕೇಳಿದರು. ಚಿತ್ರ ಬರೆಯುವಾಗ ಎಂದೆ.

ಮರುದಿನವೇ ಡ್ರಾಯಿಂಗ್ ಪುಸ್ತಕ, 2ಬಿ, 4ಬಿ, 6ಬಿ ಪೆನ್ಸಿಲುಗಳನ್ನು ತಂದು ಗೆಳತಿಯರ ಮುಖಗಳನ್ನು ನೆನಪಿನಿಂದ ಬರೆಯತೊಡಗಿದೆ. ಅದು ಗುಣವಾಗುವ ದಾರಿಯಾಗಿರಲಿಲ್ಲ. ಒಬ್ಬಳ ಮುಖ ಬರೆದಾಗಲೆಲ್ಲ ತುಟಿ ಬಿಗಿಯಾಗುತ್ತಿತ್ತು, ಇನ್ನೊಬ್ಬಳ ಕಣ್ಣು ಪಕ್ಕಕ್ಕೆ ಹೊರಳುತ್ತಿತ್ತು. ನನ್ನ ಮನಸ್ಸಿನಲ್ಲಿದ್ದ ದೂರನ್ನೇ ನಾನು ಕಾಗದಕ್ಕೆ ಇಳಿಸುತ್ತಿದ್ದೆ. ಮೂವತ್ತು ವರ್ಷ ಕಂಡ ಮುಖಗಳು ನನಗೆ ನಿಜವಾಗಿ ಗೊತ್ತೇ ಇಲ್ಲವೆಂಬುದು ಆಗ ತಿಳಿದು ಇನ್ನಷ್ಟು ನೋವಾಯಿತು.

ನಮ್ಮ ಬೀದಿಯಲ್ಲಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರಿದ್ದಾರೆ. ಪುಸ್ತಕ ತೋರಿಸಿದೆ. ಅವರು ಹಾಳೆಗಳನ್ನು ತಿರುವಿ, "ನೆನಪಿಂದ ಬರೀಬೇಡಮ್ಮ, ಎದುರಿಗಿರೋದನ್ನ ನೋಡಿ ಬರಿ. ಬೇಲೂರಿಗೆ ಹೋಗಿ ಕೂತ್ಕೋ" ಎಂದರು. ಹಾಸನದಿಂದ ಬೇಲೂರು ಸುಮಾರು 40 ಕಿಲೋಮೀಟರ್. ಅಲ್ಲಿಂದ ಮುಂದೆ ಶನಿವಾರ ಬಂದರೆ ಬೆಳಗಿನ ಬಸ್ಸು ಹಿಡಿಯುವುದು ರೂಢಿಯಾಯಿತು.

ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ಆ ಗುಡಿಯನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೆ, ನೆಂಟರಿಗೆ ತೋರಿಸಿದ್ದೆ. ಆದರೆ ಒಂದೇ ವಿಗ್ರಹದ ಮುಂದೆ ಎರಡು ಗಂಟೆ ಕೂರುವುದೆಂದರೆ ಏನೆಂದು ತಿಳಿದಿರಲಿಲ್ಲ. ಅಲ್ಲಿರುವ 42 ಮದನಿಕೆಯರಲ್ಲಿ, ಅಂದರೆ ಕಲ್ಲಿನ ಚೆಲುವೆಯರಲ್ಲಿ, ನಾನು ಆರಿಸಿಕೊಂಡದ್ದು ಗಿಳಿಯೊಡನೆ ನಿಂತಿರುವ ಶುಕಭಾಷಿಣಿಯನ್ನು. ಸೂರಿನ ಕೆಳಗೆ ಮುಂದಕ್ಕೆ ಬಾಗಿ ನಿಂತವಳಾದ್ದರಿಂದ ಕತ್ತೆತ್ತಿಯೇ ನೋಡಬೇಕು. ಹೊತ್ತೇರಿದಂತೆ ನೆರಳು ಸರಿಯುತ್ತದೆ, ಬರೆದ ಗೆರೆ ಸುಳ್ಳಾಗುತ್ತದೆ. ಮೂರು ಶನಿವಾರ ಕಳೆದರೂ ಅವಳ ತೋಳು ನನ್ನ ಕಾಗದದಲ್ಲಿ ಮುರಿದ ಕೊಂಬೆಯ ಹಾಗೇ ಕಾಣುತ್ತಿತ್ತು. ನಾಲ್ಕನೆಯ ವಾರ ಮೇಷ್ಟ್ರು ಜೊತೆಗೆ ಬಂದರು. "ಕೈಯನ್ನೇ ಬರೀಬೇಕು ಅಂತ ಯಾಕೆ ಹಟ? ಮೊಣಕೈಗೂ ಸೊಂಟಕ್ಕೂ ನಡುವೆ ಒಂದು ಸಂದಿ ಇದೆಯಲ್ಲ, ಅದರ ಆಕಾರ ನೋಡು. ಅದನ್ನ ಸರಿಯಾಗಿ ಬರೆದರೆ ಕೈ ತಾನಾಗೇ ಕೂತ್ಕೊಳ್ಳುತ್ತೆ."

ಚಿತ್ರ ಕಲಿಸುವವರೆಲ್ಲ ಹೇಳಿಕೊಡುವ ಹಳೆಯ ಪಾಠವಿದು. ಕೈ ಎಂದರೆ ಹೀಗಿರಬೇಕೆಂದು ನಮಗೆ ಮೊದಲೇ ಗೊತ್ತಿರುವುದರಿಂದ ನಾವು ಕಂಡದ್ದನ್ನು ಬಿಟ್ಟು ಗೊತ್ತಿರುವುದನ್ನು ಬರೆಯುತ್ತೇವೆ. ಸಂದಿಗೆ ಹೆಸರಿಲ್ಲ, ಆದ್ದರಿಂದ ಅದನ್ನು ನೋಡಿಯೇ ಬರೆಯಬೇಕಾಗುತ್ತದೆ. ಓರೆಯಾದ ತ್ರಿಕೋನದಂತಿದ್ದ ಆ ಸಂದಿಯನ್ನು ನಾನು ಅಂದು ಬರೆದೆ, ತೋಳು ಬಂದಿತು. ಬಂದದ್ದು ತೋಳು ಮಾತ್ರವಲ್ಲ. ಅವಳು ಹೀಗೆ, ಇವಳು ಹಾಗೆ, ನಾನು ಹೀಗೆ ಎಂದು ತಿಂಗಳುಗಟ್ಟಲೆ ಮೂವರ ಸ್ವಭಾವವನ್ನು ತಿದ್ದಿ ತಿದ್ದಿ ಬರೆಯುತ್ತಿದ್ದ ನಾನು, ನಮ್ಮ ನಡುವೆ ಇದ್ದದ್ದನ್ನು ಒಂದು ಸಲವೂ ನೋಡಿರಲಿಲ್ಲ. ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳಿಗೆ ತಲುಪಿಸುವ ಪಾತ್ರ ಬಾಲ್ಯದಿಂದಲೂ ನನ್ನದೇ ಆಗಿತ್ತು. ಅವರಿಬ್ಬರ ನಡುವೆ ಇರಬೇಕಾದ ಜಾಗದಲ್ಲಿ ಸದಾ ನಾನೇ ತುಂಬಿಕೊಂಡಿದ್ದೆ. ಬಸ್ಸಿನಲ್ಲಿ ಹಿಂದಿರುಗುವಾಗ ಅತ್ತುಬಿಟ್ಟೆ, ಬಹಳ ದಿನಗಳ ಮೇಲೆ, ಯಾರ ಮೇಲೂ ಸಿಟ್ಟಿಲ್ಲದೆ.

ಈ ಗುಡಿಗಳ ಕಲ್ಲಿಗೆ ನಮ್ಮಲ್ಲಿ ಬಳಪದ ಕಲ್ಲು ಎನ್ನುತ್ತಾರೆ. ನೆಲದಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುವ ಕಲ್ಲಾದ್ದರಿಂದಲೇ ಮದನಿಕೆಯ ಬಳೆ, ಉಗುರುಗಳವರೆಗೆ ಉಳಿ ಹೋಗಲು ಸಾಧ್ಯವಾಯಿತು. ಒಂದನೆಯ ತರಗತಿಯಲ್ಲಿ ನಾವು ಒಂದೇ ಬಳಪವನ್ನು ಮೂರು ತುಂಡು ಮಾಡಿ ಸ್ಲೇಟಿನಲ್ಲಿ ಅಕ್ಷರ ತಿದ್ದುತ್ತಿದ್ದದ್ದು ನೆನಪಾದ ದಿನ ಗುಡಿಯ ಅಂಗಳದಲ್ಲಿ ಏನೂ ಬರೆಯಲಾಗದೆ ಸುಮ್ಮನೆ ಕುಳಿತಿದ್ದೆ. ಅಂಥ ದಿನಗಳೂ ಇದ್ದವು, ಈಗಲೂ ಇವೆ.

ಹೊಯ್ಸಳ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಹೀಗೆ. ಇದು ನನ್ನ ಕೈಯಿಂದ ಆದದ್ದು ಎಂದು ಒಪ್ಪಿಕೊಳ್ಳುವ ಆ ಸಾಲುಗಳು ನನಗೆ ವಿಗ್ರಹಗಳಷ್ಟೇ ಪ್ರಿಯವಾದವು. ಶುಕಭಾಷಿಣಿಯ ಚಿತ್ರ ಮುಗಿದ ಮೇಲೆ ಅದರ ಹಿಂಬದಿಯಲ್ಲಿ ನಾನು ಮಾಡಿದ್ದನ್ನು, ಸಮರ್ಥನೆಯ ಒಂದು ಮಾತೂ ಇಲ್ಲದೆ ಬರೆದು, ಕ್ಷಮೆ ಕೇಳಿ, ಕೆಳಗೆ ಹೆಸರು ಹಾಕಿದೆ. ಬೇಲೂರಿನಲ್ಲೇ ಅಂಚೆಗೆ ಹಾಕಿದೆ. ಮನೆಗೆ ತಂದರೆ ಮನಸ್ಸು ಬದಲಾದೀತೆಂಬ ಭಯವಿತ್ತು.

ಉತ್ತರ ಬಂದಿಲ್ಲ. ಬರಲೇಬೇಕೆಂದು ನಾನು ಕೇಳಿಯೂ ಇಲ್ಲ. ಇನ್ನೊಬ್ಬಳು ಹಬ್ಬಕ್ಕೆ ಒಂದು ಶುಭಾಶಯ ಕಳಿಸಿದ್ದಳು, ನಾನೂ ಕಳಿಸಿದೆ.

ಈಗ ಶನಿವಾರಗಳಂದು ಹಳೇಬೀಡಿಗೆ ಹೋಗುತ್ತಿದ್ದೇನೆ. ಹೊಯ್ಸಳೇಶ್ವರ ಗುಡಿಯ ಗೋಡೆಯ ಬುಡದಲ್ಲಿ ಸುತ್ತಲೂ ಆನೆಗಳ ಸಾಲಿದೆ. ದೂರದಿಂದ ಎಲ್ಲವೂ ಒಂದೇ ಅಚ್ಚಿನಂತೆ ಕಂಡರೂ ಹತ್ತಿರ ಕುಳಿತರೆ ಒಂದರ ಸೊಂಡಿಲು ಇನ್ನೊಂದರಂತಿಲ್ಲ. ಒಂದೊಂದು ಆನೆಯನ್ನೂ ಅದರ ಮುಂದಿನದರ ಜೊತೆಗೆ, ನಡುವಿನ ಸಂದಿಯಿಂದ ಆರಂಭಿಸಿ ಬರೆಯುತ್ತೇನೆ. ದಕ್ಷಿಣದ ಬಾಗಿಲ ಪಕ್ಕದಿಂದ ಶುರು ಮಾಡಿದ್ದೆ. ಕಳೆದ ವಾರಕ್ಕೆ ಹನ್ನೊಂದಾದವು.